ಕೈಗೆ ಬಂದ ಯಂತ್ರ, ಬಾಯಿಗೆ ಬಾರದ ಭಾಷೆ

ಕಳೆದ ತಿಂಗಳು ನಮ್ಮ ಸಂಘದ ವಾರ್ಷಿಕ ಸ್ನೇಹ ಸಮ್ಮಿಲನವು ಎಂದಿನಂತೆ ಅದ್ದೂರಿಯಾಗಿ ಜರಗಿತು. ದೀಪ ಪ್ರಜ್ವಲನೆ, ಪ್ರತಿಭಾ ಪುರಸ್ಕಾರ, ಗಣ್ಯರಿಗೆ ಶಾಲು-ಸ್ಮರಣಿಕೆ, ಮಧ್ಯಾಹ್ನ ಭೋಜನ, ಬಳಿಕ ಯಕ್ಷಗಾನ. ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಪ್ರತಿ ವರ್ಷ ಊಟದ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದ ನನ್ನ ಷಡ್ಡಕ ಈ ಸಲ ಕಾಣಿಸಲಿಲ್ಲ. ಆರೋಗ್ಯ ಕೆಟ್ಟಿರಬೇಕೆಂದುಕೊಂಡು ಸಂಜೆ ಅವರ ಮನೆಗೆ ಹೋದೆ. ಆರೋಗ್ಯ ಚೆನ್ನಾಗಿಯೇ ಇತ್ತು. ಅವರು ಮಂಚದ ಮೇಲೆ ಕುಳಿತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಕೈಯಲ್ಲಿದ್ದ ಇಟ್ಟಿಗೆಯಂಥ ಒಂದು ಯಂತ್ರವನ್ನು ಒತ್ತುತ್ತಿದ್ದರು. ಪಕ್ಕದಲ್ಲಿ ಹತ್ತನೆಯ ತರಗತಿಯ ಮಗಳು, ಅವಳ ಮುಂದೆ ನೋಟ್ ಪುಸ್ತಕ. ಅದರಲ್ಲಿ ಅವಳು ಅಪ್ಪನಿಗಾಗಿ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಕೊಡುತ್ತಿದ್ದಳು. 'ಪೆಂಡಿಂಗ್ ಎಂದರೆ ಬಾಕಿ, ಅಸೈನ್ಡ್ ಎಂದರೆ ನಿಮಗೆ ಕೊಟ್ಟದ್ದು' ಎಂದು ಪಾಠ ನಡೆದಿತ್ತು.

ನನ್ನ ಷಡ್ಡಕ ಲಿಫ್ಟ್ ಮೆಕ್ಯಾನಿಕ್. ಕುಂದಾಪುರದ ಕಡೆಯವರು. ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿ, ಒಬ್ಬ ಪುಣ್ಯಾತ್ಮ ಸೂಪರ್‌ವೈಸರನ ಕೃಪೆಯಿಂದ ಲಿಫ್ಟ್ ಕಂಪೆನಿಯೊಂದರಲ್ಲಿ ಸಹಾಯಕನಾಗಿ ಸೇರಿದವರು. ಈ ಮೂವತ್ತು ವರ್ಷಗಳಲ್ಲಿ ಅವರು ಹತ್ತದ ಟೆರೇಸ್, ಇಳಿಯದ ಪಿಟ್ ಈ ಮಹಾನಗರದಲ್ಲಿ ಕಡಿಮೆ. ಮೊದಲು ಅವರ ಕಿಸೆಯಲ್ಲಿ ಜಾಬ್ ಕಾರ್ಡ್ ಎಂಬ ಹಳದಿ ಕಾಗದ ಇರುತ್ತಿತ್ತು. ಕೆಲಸ ಮುಗಿಸಿ, ಸೊಸೈಟಿಯ ಸೆಕ್ರೆಟರಿಯ ಸಹಿ ಹಾಕಿಸಿ, ಸಂಜೆ ಡಿಪೋಗೆ ಕೊಟ್ಟರೆ ಮುಗಿಯಿತು. ಈಗ ಕಾಗದವಿಲ್ಲ. ದೂರು ಬರುವುದು, ಹೊರಟದ್ದು, ತಲುಪಿದ್ದು, ಕೆಲಸ ಆರಂಭಿಸಿದ್ದು, ಬಿಡಿಭಾಗ ಹಾಕಿದ್ದು, ಮುಗಿಸಿದ್ದು, ಗಿರಾಕಿಯ ಸಹಿ ಎಲ್ಲವೂ ಆ ಹ್ಯಾಂಡ್‌ಹೆಲ್ಡ್ ಯಂತ್ರದಲ್ಲೇ. ಹಿಂದಿನ ವಾರ ಅವರಿಗೊಂದು ಮೆಮೊ ಬಂದಿತ್ತು. ಒಂದು ಕಟ್ಟಡದಲ್ಲಿ ನಲವತ್ತು ನಿಮಿಷ 'ಕಾರಣವಿಲ್ಲದೆ ನಿಷ್ಕ್ರಿಯ' ಎಂದು ಯಂತ್ರ ದಾಖಲಿಸಿದೆ, ವಿವರಣೆ ಕೊಡಿ ಎಂದು. ನಿಜ ಸಂಗತಿ ಏನೆಂದರೆ ಆ ನಲವತ್ತು ನಿಮಿಷ ಕಟ್ಟಡದಲ್ಲಿ ಕರೆಂಟ್ ಇರಲಿಲ್ಲ. ಯಂತ್ರದ ಪಟ್ಟಿಯಲ್ಲಿ ಕಾರಣಗಳು ಸಾಲಾಗಿ ಇವೆಯಂತೆ. ಬಿಡಿಭಾಗ ಇಲ್ಲ, ಗಿರಾಕಿ ಇಲ್ಲ, ಬೀಗದ ಕೈ ಇಲ್ಲ. 'ಕರೆಂಟ್ ಇಲ್ಲ' ಎಂಬುದು ಮಾತ್ರ ಇಲ್ಲ. ಪಟ್ಟಿ ತಯಾರಿಸಿದವರ ಊರಿನಲ್ಲಿ ಪ್ರಾಯಶಃ ಕರೆಂಟ್ ಹೋಗುವುದಿಲ್ಲ!

ಇಷ್ಟು ಓದಿ, 'ಇದು ಇನ್ನೊಬ್ಬ ಯೂನಿಯನ್ ಮನುಷ್ಯ ಯಂತ್ರವನ್ನು ಬಯ್ಯಲು ಬಂದ' ಎಂದು ಓದುಗರು ಭಾವಿಸಬಾರದು. ನಾನು ಯಂತ್ರದ ವಿರೋಧಿಯಲ್ಲ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ 1991ರಲ್ಲಿ ಬ್ಯಾಂಕ್ ಗುಮಾಸ್ತನಾಗಿ ಸೇರಿದವನು ನಾನು. (2024ರ ವೇತನ ಒಪ್ಪಂದದ ಬಳಿಕ ನಮಗೆ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಎಂದು ಹೊಸ ನಾಮಕರಣವಾಗಿದೆ. ಕೆಲಸ ಅದೇ, ಕುರ್ಚಿಯೂ ಅದೇ.) ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ 1983ರಲ್ಲಿ ಆಡಳಿತ ಮತ್ತು ಯೂನಿಯನ್‌ಗಳ ನಡುವೆ ಒಪ್ಪಂದವಾಯಿತು, 1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟಿತು. ನಾನು ಸೇರುವಾಗ ಲೆಜ್ಜರ್ ಪೋಸ್ಟಿಂಗ್ ಯಂತ್ರಗಳು ಕೆಲವು ಶಾಖೆಗಳಿಗೆ ಬಂದಿದ್ದವು, ನಮ್ಮ ಶಾಖೆಗೆ ಬಂದಿರಲಿಲ್ಲ. ತಿಂಗಳ ಕೊನೆಯಲ್ಲಿ ಬ್ಯಾಲೆನ್ಸಿಂಗ್ ಮಾಡಲು ರಾತ್ರಿ ಒಂಬತ್ತರವರೆಗೆ ಕುಳಿತು, ಒಂಬತ್ತು ಪೈಸೆಯ ವ್ಯತ್ಯಾಸ ಹುಡುಕಲು ನೂರಾರು ಪುಟ ತಿರುವಿದ್ದು ನನಗೆ ನೆನಪಿದೆ. ಆ ಕಾಲ ಮರಳಿ ಬರಲಿ ಎಂದು ನಾನು ಎಂದೂ ಬೇಡಿಕೊಂಡವನಲ್ಲ. ಯಂತ್ರ ಬಂದರೆ ಕೆಲಸ ಹೋಗುತ್ತದೆ ಎಂದು ಗೇಟ್ ಮೀಟಿಂಗಿನಲ್ಲಿ ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬ ಎಂಬುದನ್ನು ಮಾತ್ರ ಮುಚ್ಚಿಡುವುದಿಲ್ಲ. ಆದರೆ ಆಗ ಒಂದು ವಿಷಯ ನಡೆದಿತ್ತು. ಯಂತ್ರ ಎಷ್ಟು, ಯಾವ ಶಾಖೆಗೆ, ಯಾರಿಗೆ ತರಬೇತಿ ಎಂಬ ಬಗ್ಗೆ ಮೇಜಿನ ಆಚೆ ಈಚೆ ಕುಳಿತು ಮಾತಾಡಿದ್ದರು. ನನ್ನ ಷಡ್ಡಕನ ಜತೆ ಯಾರೂ ಮಾತಾಡಲಿಲ್ಲ. ಒಂದು ಬೆಳಗ್ಗೆ ಡಬ್ಬಿ ಕೊಟ್ಟು ಸಹಿ ತೆಗೆದುಕೊಂಡರು, ಅಷ್ಟೇ.

ಬ್ಯಾಂಕಿನಲ್ಲೂ ಹ್ಯಾಂಡ್‌ಹೆಲ್ಡ್ ಯಂತ್ರವನ್ನು ನಾನು ಹತ್ತಿರದಿಂದ ಬಲ್ಲೆ. ಪಿಗ್ಮಿ ಎಂದರೆ ನಮ್ಮವರಿಗೆ ಹೇಳಬೇಕಾಗಿಲ್ಲ. 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಅವರ ಸಂಗಡಿಗರ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಯೋಜನೆ ಅದು. ದಿನಕ್ಕೆ ಎರಡು ಆಣೆ, ಏಜೆಂಟ್ ಮನೆಬಾಗಿಲಿಗೆ ಬಂದು ಸಂಗ್ರಹ. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಎಂಬ ಶಬ್ದ ಇಂದಿಗೂ ಎಲ್ಲ ಬ್ಯಾಂಕು, ಸೊಸೈಟಿಗಳಲ್ಲಿ ಚಾಲ್ತಿಯಲ್ಲಿದೆ. ದಿನನಿತ್ಯದ ಠೇವಣಿ ಸಂಗ್ರಹಿಸುವ ಏಜೆಂಟರಿಗೆ ಕೈಯಂತ್ರ ಬಂದದ್ದನ್ನು ನಾನು ಕೌಂಟರಿನ ಒಳಗಿನಿಂದ ನೋಡಿದ್ದೇನೆ. ಬೆಳಗ್ಗೆ ಬ್ಯಾಂಕಿನ ಕಂಪ್ಯೂಟರಿನಿಂದ ಆತನ ಯಂತ್ರಕ್ಕೆ ಗಿರಾಕಿಗಳ ಹೆಸರು, ಖಾತೆ ಸಂಖ್ಯೆ, ಬಾಕಿ ಮೊತ್ತ ತುಂಬಿಸಿ ಕೊಡುವುದು. ಆತ ಅಂಗಡಿ ಅಂಗಡಿ ಸುತ್ತಿ ಹಣ ಪಡೆದು ರಸೀದಿ ಮುದ್ರಿಸಿ ಕೊಡುವುದು. ಸಂಜೆ ಅಥವಾ ಮರುದಿನ ಯಂತ್ರದಲ್ಲಿರುವ ಲೆಕ್ಕವನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿಕೊಂಡು ನಗದು ತಾಳೆ ನೋಡುವುದು. ಇಷ್ಟೇ ವಿದ್ಯೆ. ಇದರಿಂದ ಪಾನ್ ಅಂಗಡಿಯವನಿಗೆ ಆದ ಲಾಭ ಸಣ್ಣದಲ್ಲ. ಹಿಂದೆ ಪಾಸ್‌ಬುಕ್ಕಿನಲ್ಲಿ ಏಜೆಂಟ್ ಗೀಚಿದ್ದೇ ಸತ್ಯ. ಈಗ ತನ್ನ ಒಟ್ಟು ಹಣ ಎಷ್ಟಾಯಿತೆಂದು ಆತನಿಗೆ ಅಲ್ಲೇ ಚೀಟಿಯಲ್ಲಿ ಕಾಣುತ್ತದೆ. ಪ್ರಾಮಾಣಿಕ ಏಜೆಂಟನಿಗೂ ಅದೇ ರಕ್ಷಣೆ. ಒಂದೇ ದೋಷ, ಬಿಸಿಯಿಂದ ಅಕ್ಷರ ಮೂಡುವ ಆ ನಯವಾದ ಕಾಗದ. ಕೆಲವು ತಿಂಗಳಲ್ಲಿ ಬಿಳಿಚಿಕೊಂಡು ಖಾಲಿಯಾಗುತ್ತದೆ. ಖಾಲಿ ಚೀಟಿಗಳ ಕಟ್ಟು ಹಿಡಿದು ಕೌಂಟರಿಗೆ ಬಂದ ಒಬ್ಬ ಹೂವಿನ ಅಜ್ಜಿಗೆ ಸಮಾಧಾನ ಹೇಳಲು ನನಗೆ ಅರ್ಧ ದಿನ ಹಿಡಿದಿತ್ತು.

ಹೊರಗಿನ ಕೆಲಸಗಾರರ ಕೈಗೆ ಗಣಕ ಕೊಡುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲೇ ಇದು ದೊಡ್ಡ ಪ್ರಮಾಣದಲ್ಲಿ ಬಂತು. ಫೆಡೆಕ್ಸ್ ಕೊರಿಯರ್ ಕಂಪೆನಿ 1986ರಲ್ಲಿ ತನ್ನ ನೌಕರರಿಗೆ ಬಾರ್‌ಕೋಡ್ ಓದುವ ಸೂಪರ್‌ಟ್ರ್ಯಾಕರ್ ಯಂತ್ರ ಕೊಟ್ಟಿತು. ಅದೇ ಹೊತ್ತಿಗೆ ಚಿಪ್ಸ್ ಮಾರುವ ಫ್ರಿಟೊ-ಲೇ ಕಂಪೆನಿ ಅಂಗಡಿಗಳಿಗೆ ಸರಕು ಹಂಚುವ ತನ್ನ ಸುಮಾರು ಹತ್ತು ಸಾವಿರ ಮಾರಾಟಗಾರರಿಗೆ ಕೈಗಣಕ ಕೊಟ್ಟಿತು. 1991ರಲ್ಲಿ ಯುಪಿಎಸ್ ಕಂಪೆನಿಯ ಚಾಲಕರು ಗಿರಾಕಿಯ ಸಹಿಯನ್ನು ಕಾಗದದ ಬದಲು ಯಂತ್ರದ ಮೇಲೆ ತೆಗೆದುಕೊಳ್ಳತೊಡಗಿದರು. ನಮ್ಮ ಅಂಚೆ ಇಲಾಖೆ 2017ರಲ್ಲಿ ದರ್ಪಣ್ ಯೋಜನೆಯಡಿ ಸುಮಾರು 1.29 ಲಕ್ಷ ಗ್ರಾಮೀಣ ಶಾಖಾ ಅಂಚೆ ಕಚೇರಿಗಳನ್ನು ಗುರಿಯಾಗಿಟ್ಟು ಕೈಯಂತ್ರ ಹಂಚಲು ಹೊರಟಿತು. ಊರಿನಲ್ಲಿ ಮೆಸ್ಕಾಂ ಮೀಟರ್ ರೀಡರ್ ಜಗಲಿಯಲ್ಲೇ ಬಿಲ್ಲು ಹರಿದು ಕೊಡುವುದನ್ನು ರಜೆಯಲ್ಲಿ ಹೋದಾಗ ನೀವೆಲ್ಲ ನೋಡಿದ್ದೀರಿ. ನಮ್ಮ ಹೋಟೆಲ್ ಮಾಲಕರನ್ನು ಬಿಟ್ಟರೆ ಹೇಗೆ? ಅನೇಕ ಹೋಟೆಲುಗಳಲ್ಲಿ ಕ್ಯಾಪ್ಟನ್ ಕಿಸೆಯಿಂದ ಯಂತ್ರ ತೆಗೆದು ಒತ್ತಿದರೆ ಅಡುಗೆಮನೆಯಲ್ಲಿ ಆರ್ಡರ್ ಚೀಟಿ ಹೊರಬರುತ್ತದೆ.

ಆದರೆ ಚಿಪ್ಸ್ ಹಂಚುವುದು, ಬಿಲ್ಲು ಕೊಡುವುದು ಬೇರೆ, ರಿಪೇರಿ ಬೇರೆ. ಪಾರ್ಸೆಲ್ ಕೊಟ್ಟರೆ ಕೊಟ್ಟ ಹಾಗೆ, ಎರಡನೆಯ ಪ್ರಶ್ನೆ ಇಲ್ಲ. ಕೆಟ್ಟ ಯಂತ್ರದ ಮುಂದೆ ನಿಂತವನಿಗೆ ಮೊದಲ ಪ್ರಶ್ನೆಯೇ ಗೊತ್ತಿರುವುದಿಲ್ಲ. ಹಾಗಾಗಿ ಸರ್ವಿಸ್ ಕೆಲಸಗಾರನಿಗೆ ಕೈಯಂತ್ರದಿಂದ ನಿಜವಾದ ಉಪಕಾರ ಆಗಬೇಕಾದರೆ ಅದರಲ್ಲಿ ಆ ಲಿಫ್ಟಿನ, ಆ ಕಂಪ್ರೆಸರಿನ, ಆ ಬಾಯ್ಲರಿನ ಪೂರ್ವಚರಿತ್ರೆ ಇರಬೇಕು. ಕಳೆದ ಮಳೆಗಾಲದಲ್ಲಿ ಏನಾಗಿತ್ತು, ಯಾವ ಭಾಗ ಬದಲಾಯಿಸಿದ್ದರು, ಗೋದಾಮಿನಲ್ಲಿ ಅದು ಈಗ ಇದೆಯೇ, ವೈರಿಂಗ್ ನಕ್ಷೆ ಎಲ್ಲಿದೆ? ಇವು ಸಿಕ್ಕಿದರೆ ಬೊರಿವಲಿಯಿಂದ ಬೈಕುಲಾಕ್ಕೆ ಒಂದು ಕಾಂಟ್ಯಾಕ್ಟರಿಗಾಗಿ ಎರಡು ಸಲ ಲೋಕಲ್ ಹತ್ತುವುದು ತಪ್ಪುತ್ತದೆ. ನನ್ನ ಷಡ್ಡಕನೇ ಒಪ್ಪಿಕೊಂಡ ಮಾತಿದು. ಬಿಡಿಭಾಗದ ಬಾರ್‌ಕೋಡ್ ತೋರಿಸಿದರೆ ಸ್ಟಾಕ್ ಎಷ್ಟೆಂದು ಹೇಳುವ ಒಂದು ಗುಂಡಿಯನ್ನು ಅವರು ಮನಸಾರೆ ಹೊಗಳುತ್ತಾರೆ. ಅದಕ್ಕೂ ಸಿಗ್ನಲ್ ಬೇಕಲ್ಲ! ಲಿಫ್ಟಿನ ಪಿಟ್ ಒಳಗೆ, ಬೇಸ್‌ಮೆಂಟಿನ ಪಂಪ್ ರೂಮಿನಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಒಳ್ಳೆಯ ವ್ಯವಸ್ಥೆಯಲ್ಲಿ ಯಂತ್ರ ಬರೆದದ್ದನ್ನು ತನ್ನೊಳಗೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಿದಾಗ ಕಳುಹಿಸುತ್ತದೆ, ನಮ್ಮ ಪಿಗ್ಮಿ ಯಂತ್ರದ ಹಾಗೆ. ಕೆಟ್ಟ ವ್ಯವಸ್ಥೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ಮೆಕ್ಯಾನಿಕ್ ಟೆರೇಸಿಗೆ ಓಡುತ್ತಾನೆ.

ಕೈಗಾರಿಕೆಯ ಕೆಲಸಕ್ಕೆ ಮಾಡಿದ ಯಂತ್ರವೂ ಅಂಗಡಿಯ ಮೊಬೈಲೂ ನೋಡಲು ಈಗ ಅಣ್ಣ ತಮ್ಮಂದಿರಂತೆ ಕಂಡರೂ ಒಂದೇ ಅಲ್ಲ. ಗಟ್ಟಿ ಯಂತ್ರವನ್ನು ನಾಲ್ಕೈದು ಅಡಿ ಎತ್ತರದಿಂದ ಕಾಂಕ್ರೀಟಿನ ಮೇಲೆ ಬೀಳಿಸಿ ಪರೀಕ್ಷಿಸಿರುತ್ತಾರೆ. ಐಪಿ 65 ಎಂದು ಬರೆದಿದ್ದರೆ ಮೊದಲ ಅಂಕಿ ಧೂಳು ಒಳಹೋಗದು ಎಂದೂ, ಎರಡನೆಯದು ಕೊಳವೆಯಿಂದ ನೀರು ಹಾಯಿಸಿದರೂ ತಾಳುತ್ತದೆ ಎಂದೂ ಹೇಳುತ್ತದೆ. ಬ್ಯಾಟರಿಯನ್ನು ಕಳಚಿ ಬೇರೆ ಹಾಕಬಹುದು. ಕೆಲವನ್ನು ಗ್ಲೋವ್ಸ್ ಹಾಕಿಯೂ ಒತ್ತಬಹುದು. ಚೆಂಬೂರು-ಮಾಹುಲ್ ಕಡೆಯ ರಿಫೈನರಿಗಳಂಥ ಜಾಗದಲ್ಲಿ, ಅನಿಲ ತುಂಬಿರಬಹುದಾದ ವಲಯಗಳಿಗೆ ಸಾಮಾನ್ಯ ಮೊಬೈಲ್ ಒಯ್ಯುವುದೇ ನಿಷಿದ್ಧ. ಅಲ್ಲಿಗೆ ಕಿಡಿ ಹುಟ್ಟಿದರೂ ಅನಿಲ ಹೊತ್ತಿಕೊಳ್ಳದಷ್ಟು ಕಡಿಮೆ ಶಕ್ತಿಯಲ್ಲಿ ನಡೆಯುವಂತೆ ವಿಶೇಷವಾಗಿ ತಯಾರಿಸಿ ಪ್ರಮಾಣಪತ್ರ ಪಡೆದ ಯಂತ್ರವೇ ಆಗಬೇಕು. ಅದರ ಬೆಲೆ ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ. ಅದಕ್ಕೇ ಎಷ್ಟೋ ಕಡೆ ಮಾಲಕರು ಅಡ್ಡದಾರಿ ಹಿಡಿಯುತ್ತಾರೆ. ಹಳೆಯ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಬಹಳಷ್ಟು ಮೈಕ್ರೋಸಾಫ್ಟ್‌ನ ವಿಂಡೋಸ್ ಮೇಲೆ ನಡೆಯುತ್ತಿದ್ದವು. ಅವುಗಳ ಕೊನೆಯ ಪ್ರಮುಖ ಆವೃತ್ತಿಗೆ ಆ ಕಂಪೆನಿಯ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು. ಈ ಕ್ಷೇತ್ರವೆಲ್ಲ ಹೆಚ್ಚುಕಡಿಮೆ ಆಂಡ್ರಾಯ್ಡ್ ಕಡೆಗೆ ಹೊರಳಿತು. ಆಂಡ್ರಾಯ್ಡ್ ಎಲ್ಲರ ಕಿಸೆಯಲ್ಲೂ ಇದೆಯಲ್ಲ, ಯಂತ್ರ ಯಾಕೆ ಕೊಳ್ಳಬೇಕು, 'ನಿನ್ನದೇ ಮೊಬೈಲಿನಲ್ಲಿ ಆ್ಯಪ್ ಹಾಕಿಕೋ' ಎಂಬ ಮಾತು ಆಗ ಬಂತು. ವಾಟರ್ ಪ್ಯೂರಿಫೈಯರ್, ಎ.ಸಿ., ಗ್ಯಾಸ್ ಒಲೆ ರಿಪೇರಿಗೆ ಹೋಗುವ ನಮ್ಮ ಹುಡುಗರಲ್ಲಿ ಹಲವರ ಸ್ಥಿತಿ ಇದೇ. ಮೊಬೈಲ್ ಅವನದು, ಡೇಟಾ ಪ್ಯಾಕ್ ಅವನದು, ಗಾಜು ಒಡೆದರೆ ದಂಡ ಅವನದು. ಅದರಲ್ಲಿ ಕೂಡುವ ಮಾಹಿತಿ ಮಾತ್ರ ಕಂಪೆನಿಯದು! ಮೆಕ್ಯಾನಿಕ್‌ಗೆ ಸ್ಪ್ಯಾನರ್ ಕೊಡುವ ಕಂಪೆನಿ ಯಂತ್ರವನ್ನೂ ಕೊಡಬೇಕು. ಬ್ಯಾಂಕಿನವನಾದ ನಾನು ಕ್ಯಾಶ್ ಎಣಿಸುವ ಮೆಶಿನ್ ಮನೆಯಿಂದ ಹೊತ್ತು ತರುವುದಿಲ್ಲವಲ್ಲ.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಐದಾರು ವರ್ಷಗಳ ಹಿಂದಿನ ಮಾತು. ಮಾತುಂಗಾದ ಒಂದು ಹಳೆಯ ಕಟ್ಟಡದಲ್ಲಿ ಮಳೆಗಾಲ ಬಂದರೆ ಲಿಫ್ಟ್ ಆಗಾಗ ನಿಲ್ಲುತ್ತಿತ್ತು. ಮೂವರು ಯುವ ಟೆಕ್ನೀಷಿಯನ್‌ಗಳು ಬಂದರು, ಒಬ್ಬ ಸರ್ಕ್ಯೂಟ್ ಬೋರ್ಡನ್ನೇ ಬದಲಾಯಿಸಿದ. ಎರಡು ದಿನ ಸರಿ, ಮತ್ತೆ ಅದೇ ಕತೆ. ಕೊನೆಗೆ ನನ್ನ ಷಡ್ಡಕನನ್ನು ಕಳುಹಿಸಿದರು. ಅವರು ಒಂದು ಗಂಟೆ ಹೊತ್ತು ಏನೂ ಮಾಡದೆ ಮೂರನೆಯ ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತರಂತೆ. ಆ ಮಾಳಿಗೆಯ ಒಂದು ಮನೆಯವರು ಹೊರಗಿಂದ ಬಂದವರೇ ಒದ್ದೆ ಕೊಡೆಗಳನ್ನು ಲಿಫ್ಟಿನ ಜಾಲರಿ ಬಾಗಿಲಿಗೆ ತೂಗು ಹಾಕುತ್ತಿದ್ದರು. ನೀರು ತೊಟ್ಟಿಕ್ಕಿ ಬಾಗಿಲಿನ ಲಾಕ್ ಕಾಂಟ್ಯಾಕ್ಟಿಗೆ ಇಳಿಯುತ್ತಿತ್ತು. ಕೊಡೆ ತೆಗೆಸಿದರು, ಕಾಂಟ್ಯಾಕ್ಟ್ ಉಜ್ಜಿದರು, ಲಿಫ್ಟ್ ಸರಿಯಾಯಿತು. ಇಂದಿನ ಕೈಯಂತ್ರದ ಲೆಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತ ಆ ಒಂದು ಗಂಟೆ 'ನಿಷ್ಕ್ರಿಯ'. ಕೆಲಸದ ಸಾಲಿನಲ್ಲಿ ಬರೆಯಲು ಇರುವುದು 'ಬಾಗಿಲಿನ ದೋಷ, ಸರಿಪಡಿಸಲಾಗಿದೆ' ಎಂಬ ಒಂದು ಸಂಕೇತ ಸಂಖ್ಯೆ. ಕೊಡೆಯ ಕತೆ ಎಲ್ಲೂ ಇಲ್ಲ. ಮುಂದಿನ ಮಳೆಗಾಲದಲ್ಲಿ ಹೊಸ ಹುಡುಗ ಬಂದರೆ ಮತ್ತೆ ಬೋರ್ಡ್ ಬದಲಾಯಿಸುತ್ತಾನೆ, ಸೊಸೈಟಿ ಮತ್ತೆ ಬಿಲ್ಲು ಕಟ್ಟುತ್ತದೆ.

ಇದು ನನ್ನ ಷಡ್ಡಕನ ಮೇಲಿನ ಅಭಿಮಾನದಿಂದ ಹೇಳುವ ಮಾತು ಎಂದುಕೊಳ್ಳಬೇಡಿ. ಐ.ಟಿ.ಯಲ್ಲಿರುವ ನನ್ನ ಅಕ್ಕನ ಮಗ ಒಂದು ಸಂಗತಿ ತಿಳಿಸಿದ. ಅಮೆರಿಕದ ಜೆರಾಕ್ಸ್ ಕಂಪೆನಿಯಲ್ಲಿ ಜೂಲಿಯನ್ ಓರ್ ಎಂಬ ಸಂಶೋಧಕರು ಫೋಟೊಕಾಪಿ ಯಂತ್ರ ರಿಪೇರಿ ಮಾಡುವವರ ಜತೆಗೇ ಓಡಾಡಿ ಅವರ ಕೆಲಸವನ್ನು ಅಭ್ಯಾಸ ಮಾಡಿದರು. 1996ರಲ್ಲಿ ಅದು ಪುಸ್ತಕವಾಗಿ ಬಂತು. ಅವರು ಕಂಡದ್ದು ಏನೆಂದರೆ, ರಿಪೇರಿಯವರು ಕಂಪೆನಿಯ ಕೈಪಿಡಿಯಿಂದ ಮಾತ್ರ ಕಲಿಯುವುದಿಲ್ಲ. ತಿಂಡಿಗೆ ಕುಳಿತಾಗ, ಕಾಫಿ ಕುಡಿಯುವಾಗ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕೆಟ್ಟ ಯಂತ್ರಗಳ ಕತೆಗಳಿಂದ ಕಲಿಯುತ್ತಾರೆ. ಲೆಕ್ಕದಲ್ಲಿ ವ್ಯರ್ಥ ಹೊತ್ತು ಎಂದು ಕಾಣುವುದೇ ಅವರ ಶಾಲೆ. ಜೆರಾಕ್ಸ್‌ನವರು 1990ರ ದಶಕದಲ್ಲಿ, ಮೊದಲು ಫ್ರಾನ್ಸಿನಲ್ಲಿ, ಯುರೇಕಾ ಎಂಬ ವ್ಯವಸ್ಥೆ ಮಾಡಿದರು. ರಿಪೇರಿಯವನು ತಾನು ಕಂಡುಹಿಡಿದ ಉಪಾಯವನ್ನು ಗಣಕದಲ್ಲಿ ಬರೆಯುತ್ತಾನೆ, ಅನುಭವಿ ಸಹೋದ್ಯೋಗಿಗಳು ಪರಿಶೀಲಿಸುತ್ತಾರೆ, ಬಳಿಕ ಅವನ ಹೆಸರಿನೊಂದಿಗೇ ಅದು ಎಲ್ಲರಿಗೂ ಸಿಗುತ್ತದೆ. ಪ್ರತಿ ಉಪಾಯಕ್ಕೆ ಹಣ ಕೊಡುವ ಮಾತು ಬಂದಾಗ ಅವರಿಗೆ ಹಣಕ್ಕಿಂತ ಹೆಸರು ಇರುವುದೇ ಮುಖ್ಯವಾಗಿ ಕಂಡಿತಂತೆ. ಅಂದರೆ ಅದೇ ಜಾತಿಯ ಯಂತ್ರ ಮನುಷ್ಯನ ಮೇಲೆ ಕಣ್ಣಿಡಲೂ ಆಗುತ್ತದೆ, ಅವನ ವಿದ್ಯೆಯನ್ನು ಇನ್ನೊಬ್ಬನಿಗೆ ದಾಟಿಸಲೂ ಆಗುತ್ತದೆ. ಕೊಳ್ಳುವವರು ಯಾವುದನ್ನು ಬಯಸಿ ಮಾಡಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ನಮ್ಮಲ್ಲಿ ಬಹಳ ಕಡೆ ಮೊದಲನೆಯದಕ್ಕೇ ದುಡ್ಡು ಸುರಿಯುತ್ತಿದ್ದಾರೆ ಎಂಬುದು ನನ್ನ ತಕರಾರು.

ಕಣ್ಗಾವಲೇ ಬೇಡ ಎನ್ನುವವನಲ್ಲ ನಾನು. ಕೆಲಸಕ್ಕೆ ಹೋಗದೆ ಸಹಿ ಮಾತ್ರ ಹಾಕಿಸಿಕೊಳ್ಳುತ್ತಿದ್ದ ಮಹಾನುಭಾವರನ್ನೂ ಕಂಡಿದ್ದೇನೆ. ನಮ್ಮ ಸೊಸೈಟಿಯ ಕೋಶಾಧಿಕಾರಿಯಾಗಿ, ಬಾರದ ಮೆಕ್ಯಾನಿಕ್‌ನ ಹೆಸರಿನಲ್ಲಿ ವಾರ್ಷಿಕ ಕಾಂಟ್ರ್ಯಾಕ್ಟ್ ಹಣ ಕಟ್ಟಿದವನೂ ನಾನೇ. ಲಿಫ್ಟಿನಲ್ಲಿ ಮಕ್ಕಳು ಮುದುಕರು ಓಡಾಡುತ್ತಾರೆ. ಮಹಾರಾಷ್ಟ್ರದಲ್ಲಿ 1939ರ ಹಳೆಯ ಲಿಫ್ಟ್ ಕಾಯಿದೆಯ ಜಾಗದಲ್ಲಿ 2017ರ ಹೊಸ ಕಾಯಿದೆ ಬಂದಿದೆ, ಪಾಲನೆಯ ದಾಖಲೆ ಸರಿಯಾಗಿರಲೇಬೇಕು. ಆದರೆ ದಾಖಲೆ ಎರಡೂ ಕಡೆಯವರಿಗೆ ಕಾಣಬೇಕು. ಬ್ಯಾಂಕಿನಲ್ಲಿ ಖಾತೆದಾರನಿಗೆ ಪಾಸ್‌ಬುಕ್ ಕೊಡುವುದು ಯಾಕೆ? ನಮ್ಮ ಲೆಜ್ಜರಿನಲ್ಲಿ ಬರೆದದ್ದು ಅವನಿಗೂ ತಿಳಿಯಲಿ, ತಪ್ಪಿದ್ದರೆ ತಿದ್ದಿಸಲಿ ಎಂದು. ಮೆಕ್ಯಾನಿಕ್‌ನ ಬಗ್ಗೆ ಯಂತ್ರ ಏನು ಬರೆದಿದೆ ಎಂದು ಮೆಕ್ಯಾನಿಕ್‌ಗೆ ತೋರಿಸುವ ಪಾಸ್‌ಬುಕ್ ಎಲ್ಲಿದೆ? ಗಿರಾಕಿಯದೂ ಅದೇ ಪಾಡು. ಗಾಜಿನ ಮೇಲೆ ಬೆರಳಿನಿಂದ ಸಹಿ ಹಾಕುತ್ತೇವೆ, ಯಾವುದರ ಕೆಳಗೆ ಹಾಕಿದೆವೆಂದು ಓದುವವರು ಎಷ್ಟು ಮಂದಿ? ಕರ್ನಾಟಕ ಸರಕಾರ 2025ರಲ್ಲಿ ಆ್ಯಪ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯಿದೆ ತಂದಿದೆ. ಯಂತ್ರವೇ ನಿಗಾ ಇಟ್ಟು ತೀರ್ಮಾನ ಮಾಡುವ ವ್ಯವಸ್ಥೆಯ ಬಗ್ಗೆ ಕಾರ್ಮಿಕನಿಗೆ ತಿಳಿಸಬೇಕೆಂಬ ಅಂಶ ಅದರಲ್ಲಿದೆ. ಅದು ಗಿಗ್ ಕೆಲಸಗಾರರಿಗೆ, ಅದೂ ಕರ್ನಾಟಕದಲ್ಲಿ. ಮುಂಬಯಿಯಲ್ಲಿ ಸಂಬಳಕ್ಕೆ ದುಡಿಯುವ ನನ್ನ ಷಡ್ಡಕನಿಗೆ ಅದರಿಂದ ಏನೂ ಇಲ್ಲ. ಆದರೂ ತವರು ನಾಡಿನಲ್ಲಿ ಯಾರೋ ಈ ಪ್ರಶ್ನೆ ಎತ್ತಿದ್ದಾರಲ್ಲ ಎಂದು ಸಮಾಧಾನ.

ಇನ್ನು ಭಾಷೆ. ಮೆಸ್ಕಾಂ ಯಂತ್ರ ಕನ್ನಡದಲ್ಲಿ ಬಿಲ್ಲು ಮುದ್ರಿಸಬಲ್ಲದಾದರೆ ಲಿಫ್ಟ್ ಮೆಕ್ಯಾನಿಕ್‌ನ ಯಂತ್ರ ಕನ್ನಡವನ್ನೋ ಮರಾಠಿಯನ್ನೋ ಹಿಂದಿಯನ್ನೋ ಯಾಕೆ ತೋರಿಸಬಾರದು? ತಾಂತ್ರಿಕ ಅಡ್ಡಿ ಇಂದು ಏನೂ ಇಲ್ಲ. ಇದೇನು ಹೊಸ ಕನಸೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪೆನಿಯ ಎಂಜಿನಿಯರರು ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದ್ದರು. ಹೆಸರಿನಲ್ಲೇ ಸರಳ, ಅಗ್ಗ, ಬಹುಭಾಷಿ ಎಂಬ ಅರ್ಥವಿತ್ತು. ಓದು ಬಾರದವರಿಗೂ ಆಗಲಿ ಎಂದು ಕನ್ನಡ ಸಹಿತ ನಮ್ಮ ಭಾಷೆಗಳಲ್ಲಿ ಮಾತಾಡಿ ಹೇಳುವ ವ್ಯವಸ್ಥೆಗೂ ಅವರು ದುಡಿದಿದ್ದರು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಬಿ.ಇ.ಎಲ್. ಕಾರ್ಖಾನೆಯಿಂದ ಅದು ಮಾರುಕಟ್ಟೆಗೆ ಬಂತು, ಬೆಲೆ ಸುಮಾರು ಹತ್ತು ಸಾವಿರ ರೂಪಾಯಿಯಿಂದ ಮೇಲಕ್ಕೆ. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಮೊಬೈಲುಗಳು ಅದನ್ನು ನುಂಗಿದವು. ಆದರೆ ಕೆಲಸಗಾರನ ಭಾಷೆಯಿಂದ ಯಂತ್ರ ಆರಂಭವಾಗಬೇಕು ಎಂಬ ಆ ಪ್ರಾಧ್ಯಾಪಕರ ವಿಚಾರ ಸೋತಿದೆ ಎಂದು ನಾನು ಒಪ್ಪುವುದಿಲ್ಲ. ಯಾಕೆಂದರೆ ಇಪ್ಪತ್ತು ವರ್ಷ ಕಳೆದ ಮೇಲೂ ಹತ್ತನೆಯ ತರಗತಿಯ ಒಬ್ಬ ಹುಡುಗಿ ತನ್ನ ಅಪ್ಪನಿಗಾಗಿ ನೋಟ್ ಪುಸ್ತಕದಲ್ಲಿ ಆ ಕೆಲಸವನ್ನು ಮಾಡುತ್ತಿದ್ದಾಳೆ.

ನಮ್ಮ ಸಂಘಸಂಸ್ಥೆಗಳ ಹಿರಿಯರಲ್ಲಿ ನನ್ನ ವಿನಂತಿ ಇಲ್ಲಿಂದ ಆರಂಭವಾಗುತ್ತದೆ. ಈ ನಗರದಲ್ಲಿ ಕನ್ನಡಿಗರಿಗೆ ಅನ್ನದ ದಾರಿ ತೋರಿಸಿದ್ದು ರಾತ್ರಿ ಶಾಲೆಗಳು. ಹೋಟೆಲಿನಲ್ಲಿ ಪಾತ್ರೆ ತೊಳೆದ ಹುಡುಗರು ರಾತ್ರಿ ಕಲಿತು ಗುಮಾಸ್ತರಾದರು, ವಕೀಲರಾದರು. ನಾನೂ ಆ ಸಾಲಿನ ಕೊನೆಯವನೇ. ಆ ಶಾಲೆಗಳ ಬೆಂಚುಗಳು ಈಗ ಖಾಲಿ. ಅದಕ್ಕೆ ಕಾರಣ ಬೇರೆ, ಅದನ್ನು ಬೇರೆ ದಿನ ಬರೆಯೋಣ. ಆದರೆ ಐವತ್ತು ದಾಟಿದ ಮೆಕ್ಯಾನಿಕ್, ಇಲೆಕ್ಟ್ರಿಷಿಯನ್, ಪ್ಲಂಬರ್, ಬಾಯ್ಲರ್ ಅಟೆಂಡೆಂಟ್‌ಗಳು ನಮ್ಮಲ್ಲಿ ಕಡಿಮೆ ಇಲ್ಲ. ಥಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲಿ, ಡೊಂಬಿವಲಿ, ಅಂಬರ್‌ನಾಥ್‌ನ ಎಂಐಡಿಸಿಯಲ್ಲಿ ಇರುವ ಇಂಥವರು ವಾರ್ಷಿಕೋತ್ಸವಕ್ಕೆ ವಂತಿಗೆ ಕೊಡುತ್ತಾರೆ, ಕುರ್ಚಿ ಜೋಡಿಸುತ್ತಾರೆ. ವೇದಿಕೆಗೆ ಬರುವುದಿಲ್ಲ. ಕೈಯಂತ್ರ ಎದುರಾದಾಗ 'ನನಗೆ ಬರುವುದಿಲ್ಲ' ಎಂದು ಯಾರಲ್ಲೂ ಹೇಳಿಕೊಳ್ಳಲು ನಾಚಿಕೆಪಡುತ್ತಾರೆ. ನಿವೃತ್ತಿಗೆ ಮೂರು ವರ್ಷ ಇರುವಾಗಲೇ 'ಸಾಕಾಯಿತು' ಎಂದು ರಾಜೀನಾಮೆ ಬರೆದುಕೊಟ್ಟ ಇಬ್ಬರನ್ನು ನಾನೇ ಬಲ್ಲೆ. ಅವರ ಭವಿಷ್ಯನಿಧಿಯ ಹಣವನ್ನು ನಮ್ಮ ಶಾಖೆಯಲ್ಲೇ ಎಫ್.ಡಿ. ಇಟ್ಟವನು ನಾನು. ಬಡ್ಡಿ ಎಷ್ಟು ಬರುತ್ತದೆಂದು ಕೇಳಿ ಅವರು ಸುಮ್ಮನಾದದ್ದು ಕಣ್ಣಿಗೆ ಕಟ್ಟಿದಂತಿದೆ.

ಐ.ಟಿ. ಕಂಪೆನಿಗಳಲ್ಲಿ ದುಡಿಯುವ ನಮ್ಮ ಯುವ ವಿಭಾಗದ ಮಕ್ಕಳು ಭಾನುವಾರ ಎರಡು ಗಂಟೆ ಕೊಟ್ಟರೆ ಸಾಕು. ದೊಡ್ಡ ಕಂಪ್ಯೂಟರ್ ಕೋರ್ಸ್ ಬೇಡ, ಪ್ರಮಾಣಪತ್ರ ಬೇಡ, ದಯವಿಟ್ಟು ಉದ್ಘಾಟನೆಗೆ ಮಂತ್ರಿಗಳೂ ಬೇಡ. ಮೆಕ್ಯಾನಿಕ್ ತನ್ನ ಯಂತ್ರವನ್ನೇ ತರಲಿ. ಪಾಸ್‌ವರ್ಡ್ ಮರೆತರೆ ಏನು ಮಾಡುವುದು, ಕಾರಣದ ಪಟ್ಟಿಯಲ್ಲಿ ನಿಜವಾದ ಕಾರಣ ಇಲ್ಲದಿದ್ದರೆ ಷರಾ ಜಾಗದಲ್ಲಿ ಎರಡು ಶಬ್ದ ಹೇಗೆ ಬರೆಯುವುದು, ಬೆರಳಚ್ಚಿಸಲು ಬಾರದಿದ್ದರೆ ಮಾತಾಡಿ ಬರೆಸುವುದು ಹೇಗೆ, ತಾನು ಕಳುಹಿಸಿದ್ದರ ಚಿತ್ರವನ್ನು ತನ್ನಲ್ಲಿ ಉಳಿಸಿಕೊಳ್ಳುವುದು ಹೇಗೆ? ಇಷ್ಟೇ ಪಾಠ. ಬದಲಿಗೆ ಕೊಡೆಯ ಕತೆಯಂಥ ನಾಲ್ಕು ಕತೆಗಳನ್ನು ಅವರ ಬಾಯಿಂದ ಕೇಳಿ ಈ ಮಕ್ಕಳು ಬರೆದುಕೊಳ್ಳಲಿ. ಯುವ ವಿಭಾಗದವರು ಮಾಡುವ ಸಾಫ್ಟ್‌ವೇರನ್ನು ನಾಳೆ ಯಾವನೋ ಮೆಕ್ಯಾನಿಕ್ ಪಿಟ್ ಒಳಗೆ ನಿಂತು ಒತ್ತಬೇಕಾಗುತ್ತದಲ್ಲ, ಅವರಿಗೂ ಇದು ಉಪಯೋಗಕ್ಕೆ ಬಂದೀತು.

ಮೆಮೊ ಏನಾಯಿತೆಂದು ಕೆಲವರು ಕೇಳಬಹುದು. ಆ ರಾತ್ರಿಯೇ ನಾನು ಮತ್ತು ಅವರ ಮಗಳು ಕುಳಿತು ಉತ್ತರ ಬರೆದೆವು. ಆ ಕಟ್ಟಡದ ವಾಚ್‌ಮನ್ ತನ್ನ ರಿಜಿಸ್ಟರಿನಲ್ಲಿ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಪೆನ್ನಿನಿಂದ ಬರೆದಿಟ್ಟಿದ್ದ. ಅದರ ಫೋಟೊ ತೆಗೆದು ಜತೆಗಿಟ್ಟೆವು. ಮೆಮೊ ಹಿಂದಕ್ಕೆ ಹೋಯಿತು. ಪಟ್ಟಿಯಲ್ಲಿ ಮಾತ್ರ 'ಕರೆಂಟ್ ಇಲ್ಲ' ಎಂಬ ಸಾಲು ಇದನ್ನು ಬರೆಯುವವರೆಗೂ ಸೇರಿಲ್ಲ.

ನಮ್ಮ ಸಂಘದ ಸಭಾಗೃಹ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಖಾಲಿ ಇರುತ್ತದೆ, ಬೀಗದ ಕೈ ಕೋಶಾಧಿಕಾರಿಗಳಲ್ಲಿದೆ. ಅವರನ್ನು ಕೇಳಿದ್ದೇನೆ, ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಇಡೋಣ ಎಂದಿದ್ದಾರೆ. ಸಮಿತಿಯ ಸದಸ್ಯರು ಇದನ್ನು ಓದುತ್ತಿದ್ದರೆ ಆ ವಿಷಯವನ್ನು ಕೊನೆಯ 'ಇತರ' ಎಂಬ ಸಾಲಿಗೆ ತಳ್ಳಬಾರದಾಗಿ ವಿನಂತಿ. ಚಹಾದ ಖರ್ಚು ನನ್ನದು. ಕುರ್ಚಿ ಜೋಡಿಸಲು ನನ್ನ ಷಡ್ಡಕ ಬರುತ್ತಾರೆ.